ಬೊಂಬೆ ಮೆಟ್ಟಿಲ ಮೇಲಿನ ಮಾವೋರಿ ಪತ್ರಿಕೆ

ಮಿಲ್ಪಿಟಾಸ್, ಬುಧವಾರ

ಸ್ಯಾನ್ ಫ್ರಾನ್ಸಿಸ್ಕೋದ ಕಡೆ ಹೋಗಿ ಬಂದವರೆಲ್ಲ ಅಲ್ಲಿನ ಕೆಂಪು ಸೇತುವೆಯ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಅಂಥದ್ದಿಲ್ಲ. ಸೇತುವೆಯಿಂದ ಗಂಟೆಯ ದಾರಿಯಲ್ಲಿ ನಾಲ್ಕು ದಿನ ಇದ್ದೆ. ನೋಡಿದ್ದು ಒಂಬತ್ತು ಮೆಟ್ಟಿಲ ಬೊಂಬೆ, ತಿಂದದ್ದು ಐದು ಬಗೆಯ ಉಸಲಿ, ಉಟ್ಟದ್ದು ಇನ್ನೊಬ್ಬರ ಟ್ರ್ಯಾಕ್ ಪ್ಯಾಂಟು.

ನಾನು ಧಾರವಾಡದವಳು, ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನನಗೊಂದು ಹುಚ್ಚಿದೆ ಎನ್ನುವುದರಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿಲ್ಲ. ಹತ್ತೊಂಬತ್ತನೆಯ ಶತಮಾನದ ಮಾವೋರಿ ಭಾಷೆಯ ಪತ್ರಿಕೆಗಳನ್ನು ಕೂಡಿಡುವ ಹುಚ್ಚು ಅದು. ಮಾವೋರಿಗಳು ನ್ಯೂಜಿಲೆಂಡಿನ ಮೂಲ ಜನ. ಪಾದ್ರಿಗಳಿಂದ ಅಕ್ಷರ ಕಲಿತ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಪತ್ರಿಕೆಗಳಿಗೆ ರಾಶಿ ರಾಶಿ ಕಾಗದ ಬರೆದರು. ನೆಲ ಹೋಯಿತೆಂದು ಬರೆದರು, ಸಂಪಾದಕ ಸುಳ್ಳ ಎಂದು ಬರೆದರು, ಸತ್ತವರ ಮೇಲೆ ಹಾಡು ಕಟ್ಟಿ ಕಳಿಸಿದರು. ನನ್ನ ಗಂಡ ವೆಲಿಂಗ್ಟನ್ನಿನಲ್ಲಿ ನಾಲ್ಕು ವರ್ಷ ಪಾಠ ಹೇಳುತ್ತಿದ್ದಾಗ ನಾನು ಅಲ್ಲಿನ ಒಂದು ಗ್ರಂಥಾಲಯದಲ್ಲಿ ಈ ಹಾಳೆಗಳನ್ನು ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಅರೋಹಾ ಎಂಬ ಮಾವೋರಿ ಹೆಂಗಸು ನನಗೆ ಭಾಷೆ ಕಲಿಸಿದಳು. ಗಂಡನ ನೌಕರಿ ಮುಗಿಯಿತು, ಊರಿಗೆ ಬಂದೆವು. ಇಪ್ಪತ್ತು ವರ್ಷವಾದರೂ ಹುಚ್ಚು ಮಾತ್ರ ಇಳಿಯಲಿಲ್ಲ.

ನನ್ನ ಕಪಾಟಿನಲ್ಲಿರುವ ಒಂದು ಪತ್ರಿಕೆಯ ಸಾಲಿನಲ್ಲಿ ಒಂದೇ ಒಂದು ಸಂಚಿಕೆ ಇಲ್ಲ. ಪತ್ರಿಕೆಯ ಹೆಸರು ಇಲ್ಲಿ ಹೇಳುವುದಿಲ್ಲ. ನನ್ನಂಥ ಹದ್ದುಗಳು ಇನ್ನೂ ಕೆಲವು ಹಾರಾಡುತ್ತಿವೆ. ನಾನು ಹುಡುಕಿದ ಯಾವ ಗ್ರಂಥಾಲಯದಲ್ಲೂ ಅದು ಸಿಕ್ಕಿರಲಿಲ್ಲ. ಅರೋಹಾಳಿಗೂ ಅದೇ ಸಂಚಿಕೆ ಬೇಕಿತ್ತು. ಅವಳ ಅಜ್ಜಿಯ ಅಜ್ಜಿ ಹೊಳೆಯಲ್ಲಿ ಮುಳುಗಿ ಸತ್ತ ಮಗನ ಮೇಲೆ ಕಟ್ಟಿದ ಹಾಡು ಅದರಲ್ಲಿ ಅಚ್ಚಾಗಿತ್ತು. ಮನೆಯವರಿಗೆ ಮೊದಲ ಎರಡು ಸಾಲು ಮಾತ್ರ ಬಾಯಿಗೆ ಬರುತ್ತಿತ್ತು. ಹೋದ ವರ್ಷ ಅರೋಹಾಳ ಅಕ್ಕ ತೀರಿಕೊಂಡಳು. ಸಮಾಧಿಯ ಕಲ್ಲಿಗೆ ಬಟ್ಟೆ ಹೊದಿಸಿಟ್ಟು, ವರ್ಷದ ಹೊತ್ತಿಗೆ ನೆಂಟರೆಲ್ಲ ಸೇರಿ ಆ ಬಟ್ಟೆ ತೆಗೆಯುವುದು ಅವರಲ್ಲಿ ಪದ್ಧತಿ. ಈ ಶನಿವಾರ ಆ ಕಲ್ಲಿನ ಮುಂದೆ ಹಾಡು ಪೂರ್ತಿ ಆಗಬೇಕೆಂದು ಅರೋಹಾಳ ಆಸೆ.

ಆ ಸಂಚಿಕೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಪ್ಲೆಸೆಂಟನ್ ಎಂಬ ಊರಿನ ಒಂದು ಕನ್ನಡದ ಮನೆಯಲ್ಲಿ ಸಿಕ್ಕಿತು ಎಂದರೆ ನಂಬುವವರು ಯಾರು? ಶುಭಾ ಎಂಬಾಕೆ ಯಾವುದೋ ಮುದುಕರ ಮನೆಯ ಸಾಮಾನು ಮಾರಾಟದಲ್ಲಿ ಹಳೆಯ ಡ್ರಾಯರಿನ ಪೆಟ್ಟಿಗೆ ಕೊಂಡಿದ್ದಳು. ಕೆಳಗಿನ ಡ್ರಾಯರಿಗೆ ಹಾಸಿದ್ದ ಕಾಗದ ಇದು. ನಮ್ಮಲ್ಲಿ ಹಳೆಯ ಪೇಪರು ಚುರಮರಿ ಕಟ್ಟಲು ಹೋಗುತ್ತದೆ, ಅವರಲ್ಲಿ ಡ್ರಾಯರಿಗೆ. ಇದು ಯಾವ ಭಾಷೆ ಎಂದು ಅವಳು ಮೊಬೈಲಿನ ಕನ್ನಡ ಗುಂಪೊಂದರಲ್ಲಿ ಫೋಟೋ ಹಾಕಿ ಕೇಳಿದ್ದು, ಗುಂಪಿನಿಂದ ಗುಂಪಿಗೆ ದಾಟಿ ಧಾರವಾಡ ಮುಟ್ಟಿತು. ಮಡಿಚಿದ ಹಾಳೆಯ ಮೇಲುಭಾಗ ಮಾತ್ರ ಕಾಣುತ್ತಿತ್ತು, ದಿನಾಂಕ ಸ್ಪಷ್ಟವಾಗಿತ್ತು. ನಾನು ಕೂಡಲೇ ಫೋನು ಹಚ್ಚಿ ಹೇಳಿದ್ದು ಒಂದೇ ಮಾತು: ಮಡಿಕೆ ಬಿಚ್ಚಬೇಡಿ, ಯಾರೂ ಮುಟ್ಟಬೇಡಿ, ನಾನು ಬರುವವರೆಗೆ ಮನೆಯಲ್ಲಿ ಎಲ್ಲಕ್ಕಿಂತ ಜೋಪಾನವಾದ ಜಾಗದಲ್ಲಿಡಿ. ಆ ಮಾತನ್ನು ಅವರು ಅಕ್ಷರಶಃ ಪಾಲಿಸಿದರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಹಿಂದೊಮ್ಮೆ ತಮ್ಮನ ಮನೆಗೆ ಹೋಗಿದ್ದಾಗಿನ ವೀಸಾ ಇನ್ನೂ ಇತ್ತು, ಹೊರಟುಬಿಟ್ಟೆ. ವಿಮಾನ ನನ್ನನ್ನು ಇಳಿಸಿತು, ನನ್ನ ಚೀಲವನ್ನು ಇಳಿಸಲಿಲ್ಲ. ಅದರಲ್ಲಿ ಸೀರೆಗಳಿದ್ದವು, ಹಾಳೆ ಬಿಡಿಸುವ ಮೂಳೆಯ ಪಟ್ಟಿ, ತೆಳು ಕಾಗದ, ಹೀರುಕಾಗದ ಇದ್ದವು. ಬರಿಗೈಯಲ್ಲಿ ರೈಲು ಹತ್ತಿ ಮಿಲ್ಪಿಟಾಸಿನಲ್ಲಿ ಇಳಿದರೆ ಶುಭಾಳ ಗಂಡ ಮಹೇಶ ಕಾರು ತಂದಿದ್ದ. ಒಳ್ಳೆಯ ಹುಡುಗ. ಆದರೆ ಮನೆಗೆ ಹೋಗುವ ಮೊದಲು ‘ಐದು ನಿಮಿಷ, ಗ್ರೋಸರಿ’ ಎಂದ. ಇಂಡಿಯನ್ ಮಾಲಿನ ಆ ಅಂಗಡಿಯಲ್ಲಿ ಬಾಳೆ ಎಲೆ, ಸೇವಂತಿಗೆ, ವೀಳ್ಯದೆಲೆ, ಕಡಲೆಕಾಳು ಕೊಳ್ಳುವಷ್ಟರಲ್ಲಿ ಗಂಟೆಯಾಯಿತು. ಸಾಲಿನಲ್ಲಿ ನಿಂತವರೆಲ್ಲ ಹಬ್ಬದ ಜನ. ನವರಾತ್ರಿಯ ನಡುವೆ ಬಂದಿದ್ದೇನೆ ಎಂಬುದು ನನಗೆ ಹೊಳೆದದ್ದೇ ಆಗ. ಒಳ್ಳೆಯದೇ ಆಯಿತು, ಹೋಳಿಗೆ ಸಿಗುತ್ತದೆ ಎಂದುಕೊಂಡೆ. ಆ ಮಾತು ನೆನಪಾದಾಗಲೆಲ್ಲ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸುತ್ತದೆ.

ಪ್ಲೆಸೆಂಟನ್, ಅದೇ ಸಂಜೆ

ಮನೆ ಚೆನ್ನಾಗಿತ್ತು. ಹಾಲಿನ ಅರ್ಧ ಬೊಂಬೆಗಳೇ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ನಡುವೆ ದಶಾವತಾರ, ಕೆಳಗೆ ಪ್ಲಾಸ್ಟಿಕ್ಕಿನ ಡೈನೋಸಾರು. ಕೈಕಾಲು ತೊಳೆದು ಬಂದವಳೇ ಪತ್ರಿಕೆ ಎಲ್ಲಿ ಎಂದು ಕೇಳಿದೆ. ಶುಭಾ ಹೆಮ್ಮೆಯಿಂದ ಕೈ ತೋರಿಸಿದಳು.

ಐದನೆಯ ಮೆಟ್ಟಿಲಲ್ಲಿ ಒಂದು ಬೆಳ್ಳಿಯ ತಟ್ಟೆ. ಅದರ ಪಕ್ಕದಲ್ಲಿ ಮಗಳ ಗಣಿತದ ಪುಸ್ತಕ, ಮಹೇಶನ ಲ್ಯಾಪ್‌ಟಾಪು, ಮುಂದೆ ಸರಸ್ವತಿಯ ಪಟ. ತಟ್ಟೆಯಲ್ಲಿ ನನ್ನ ಪತ್ರಿಕೆ. ನೂರೈವತ್ತು ವರ್ಷ ಇಲಿ, ಹುಳು, ನೀರು ಎಲ್ಲದರಿಂದ ಪಾರಾಗಿ ಬಂದ ಆ ಹಾಳೆಯ ನಾಲ್ಕೂ ಮೂಲೆಗೆ, ಮದುವೆಯ ಕರೆಯೋಲೆಗೆ ಹಚ್ಚುವ ಹಾಗೆ, ಅರಿಶಿನ ಕುಂಕುಮ. ಮೇಲೆ ಒಂದು ಸೇವಂತಿಗೆ.

ಕೈ ಚಾಚಿದೆ. ಸೋಫಾದಿಂದ ಒಂದು ಧ್ವನಿ ಬಂತು, ಮುಟ್ಟಬೇಡ ಎಂದು. ಮಹೇಶನ ಅಜ್ಜಿ ನಂಜಮ್ಮ, ಮಂಡ್ಯ ಕಡೆಯವರು, ಎಂಬತ್ತು ದಾಟಿದ ಗಟ್ಟಿ ಜೀವ. ಆರು ತಿಂಗಳಿಗೆಂದು ಬಂದವರು ಬಂದ ದಿನವೇ ಪೂಜೆಯ ಮನೆಯ ಅಧಿಕಾರ ಹಿಡಿದಿದ್ದರು. ಅವರು ವಿವರಿಸಿದ್ದು ಇಷ್ಟು: ಇವತ್ತು ಬೆಳಿಗ್ಗೆ ಸರಸ್ವತಿಯನ್ನು ಕೂರಿಸಿದ್ದೇವೆ. ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ತೆರೆಯುವಂತಿಲ್ಲ, ಓದುವಂತಿಲ್ಲ. ನೀವೇ ತಾನೆ ಜೋಪಾನ ಅಂದದ್ದು, ದೇವರಿಗಿಂತ ಜೋಪಾನ ಮಾಡುವವರು ಯಾರಿದ್ದಾರೆ?

ಇದು ನಮ್ಮಲ್ಲೂ ಇರುವ ಪದ್ಧತಿಯೇ. ಚಿಕ್ಕವಳಿದ್ದಾಗ ಅಭ್ಯಾಸದ ಕಾಟ ತಪ್ಪಲಿ ಎಂದು ಇದ್ದಬದ್ದ ಪುಸ್ತಕವನ್ನೆಲ್ಲ ಪೂಜೆಗೆ ಇಟ್ಟವಳು ನಾನು. ಅದರ ಬಡ್ಡಿ ಈಗ ತೀರಿಸುತ್ತಿದ್ದೇನೆ ಎನಿಸಿತು. ನಾನು ಬಿಡಲಿಲ್ಲ. ಇದು ಎಷ್ಟು ಅಪರೂಪದ್ದು, ಜಗತ್ತಿನಲ್ಲಿ ಇನ್ನೊಂದು ಪ್ರತಿ ಇದೆಯೋ ಇಲ್ಲವೋ, ಇದಕ್ಕಾಗಿ ಎಷ್ಟು ವರ್ಷ ಕಾದಿದ್ದೇನೆ ಎಂದೆಲ್ಲ ಅರ್ಧ ಗಂಟೆ ಭಾಷಣ ಮಾಡಿದೆ. ಅಜ್ಜಿ ತಲೆದೂಗಿದರು. ಅಷ್ಟು ಅಪರೂಪದ್ದಾದರೆ ಇನ್ನೂ ಭಕ್ತಿಯಿಂದ ಪೂಜೆ ಮಾಡೋಣ ಎಂದು ಇನ್ನೊಂದು ಹೂ ಇಟ್ಟರು.

ಹಾಡಿನ ವಿಷಯ ನಾನು ಎತ್ತಲಿಲ್ಲ. ಯಾಕೆಂದು ನಿಜ ಹೇಳಿಬಿಡುತ್ತೇನೆ. ತನಗೆ ಬೇಕಾದದ್ದು ಏನೆಂದು ಬಾಯಿ ಬಿಡಬಾರದು ಎನ್ನುವುದು ಸಂಗ್ರಹಕಾರರ ಮೊದಲ ಪಾಠ. ಅರೋಹಾಳ ಮನೆತನದ ಕಥೆ ಗೊತ್ತಾದರೆ ಈ ಜನ ಪತ್ರಿಕೆಯನ್ನು ಸೀದಾ ಅವಳಿಗೇ ಕೊಟ್ಟುಬಿಟ್ಟಾರು. ನನ್ನ ಲೆಕ್ಕ ಬೇರೆ ಇತ್ತು. ಅರೋಹಾಳಿಗೆ ಫೋಟೋ, ನನ್ನ ಕಪಾಟಿಗೆ ಅಸಲು.

ಶನಿವಾರವೇ ವಿಜಯದಶಮಿ. ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ತೆರೆದು ಫೋಟೋ ಕಳಿಸಿದರಾಯಿತು, ಕಲ್ಲಿನ ಬಟ್ಟೆ ತೆಗೆಯುವುದೂ ಶನಿವಾರವೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ಶುಭಾಳ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಮಲಗಿದೆ.

ಡಬ್ಲಿನ್, ಗುರುವಾರ

ಚೀಲ ಬರಲಿಲ್ಲ. ಹಾಳೆಗೆ ಹೊಂದುವ ಲಕೋಟೆಯಾದರೂ ಕೊಳ್ಳೋಣವೆಂದು ಮಹೇಶನನ್ನು ಕಾಡಿ, ಪಕ್ಕದ ಊರು ಡಬ್ಲಿನ್ನಿನಲ್ಲಿದ್ದ ಒಂದು ಪ್ರಿಂಟಿಂಗ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನ ಇಮ್ತಿಯಾಜ್ ನಮ್ಮ ಹುಬ್ಬಳ್ಳಿಯವನು. ಮಾತು ಕೇಳಿಯೇ ಜೀವ ತಂಪಾಯಿತು. ಹುಳಿ ಅಂಶವಿಲ್ಲದ ಕಾಗದದ ಲಕೋಟೆ ಬೇಕು, ಹಳೆಯ ಪೇಪರು ಕಾಪಾಡಬೇಕು ಎಂದೆ. ಅವನು ಮರುಕದಿಂದ ನನ್ನನ್ನು ನೋಡಿದ.

“ಲಕೋಟಿ ಯಾಕ್ರೀ ಅಕ್ಕಾರ? ಲ್ಯಾಮಿನೇಷನ್ ಮಾಡಿ ಕೊಡ್ತೀನಿ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಇನ್ನೂ ಹೊಸಾದು ಇದ್ದಂಗ ಐತಿ.”

ಹಳೆಯ ಕಾಗದವನ್ನು ಬಿಸಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚುವುದೆಂದರೆ ಜೀವಂತ ಸಮಾಧಿ ಎಂದು ವಿವರಿಸಿದೆ. ಅವನು ನಂಬಲಿಲ್ಲ. ಮಹೇಶ ಕೂಡ ನಂಬಲಿಲ್ಲ. ಅವನ ಜಾತಕವೇ ಲ್ಯಾಮಿನೇಟ್ ಆಗಿದೆಯಂತೆ. ಆಗ ಒಂದು ಯೋಚನೆ ಬಂತು. ಅಜ್ಜಿ ಪೂಜೆಗೆ ಇಡದೇ ಹೋಗಿದ್ದರೆ ಇಷ್ಟು ಹೊತ್ತಿಗೆ ಈ ಮನೆಯವರು ಅದನ್ನು ಇಲ್ಲಿಗೇ ತಂದಿರುತ್ತಿದ್ದರು. ಆದರೂ ಅಜ್ಜಿಯ ಮೇಲಿನ ಸಿಟ್ಟು ಇಳಿಯಲಿಲ್ಲ. ಲಕೋಟೆ ಸಿಕ್ಕಿತು, ಚಹಾ ಸಿಕ್ಕಿತು, ನನ್ನಿಂದ ಹಣ ತೆಗೆದುಕೊಳ್ಳಲಿಲ್ಲ.

ಸಂಜೆ ಬೊಂಬೆ ನೋಡಲು ಹೆಂಗಸರು ಬಂದರು. ಹಾಸನದವರು, ಮಂಡ್ಯದವರು, ಬೆಂಗಳೂರಿನವರು. ಎಲ್ಲರೂ ರೇಷ್ಮೆ ಸೀರೆಯಲ್ಲಿ, ನಾನು ಟ್ರ್ಯಾಕ್ ಪ್ಯಾಂಟಿನಲ್ಲಿ. ಶುಭಾ ಪ್ರತಿಯೊಬ್ಬರಿಗೂ ಪತ್ರಿಕೆ ತೋರಿಸಿ ನನ್ನ ಪರಿಚಯ ಮಾಡಿಸಿದಳು. ಒಬ್ಬಾಕೆ ಇದು ಹವಾಯಿಯದೇ ಎಂದು ಹಟ ಹಿಡಿದಳು. ಇನ್ನೊಬ್ಬಾಕೆ ಇದನ್ನು ಮಾರಿದರೆ ಎಷ್ಟು ಬರುತ್ತದೆ ಎಂದು ಕೇಳಿದಳು. ಎಲ್ಲರೂ ಸರಸ್ವತಿಗೆ ಕೈ ಮುಗಿಯುವಾಗ ಪತ್ರಿಕೆಗೂ ಮುಗಿದರು. ಒಬ್ಬರು ಅಕ್ಷತೆ ಹಾಕಿದರು. ಅಕ್ಕಿ ಕಾಳು ಮಡಿಕೆಯೊಳಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ.

ಮತ್ತೆ ಪ್ಲೆಸೆಂಟನ್, ಶುಕ್ರವಾರ

ಬೆಳಿಗ್ಗೆ ಅರೋಹಾ ಕರೆ ಮಾಡಿದಳು. ನೆಂಟರೆಲ್ಲ ಬಂದು ಸೇರಿದ್ದಾರೆ, ಬೆಳಿಗ್ಗೆ ಹನ್ನೊಂದಕ್ಕೆ ಸ್ಮಶಾನಕ್ಕೆ ಹೋಗುತ್ತೇವೆ, ಹಾಡು ಸಿಕ್ಕಿತೇ ಎಂದಳು. ಹೊರಡುವುದರೊಳಗೆ ಸಿಕ್ಕರೂ ಸಾಕು, ಕಾಗದದ ಮೇಲೆ ಬರೆದು ಎಲ್ಲರಿಗೂ ಹಂಚುತ್ತೇನೆ ಎಂದಳು. ನಾನು ನಿರಾಳವಾಗಿ, ಶನಿವಾರ ಬೆಳಿಗ್ಗೆ ಕಳಿಸುತ್ತೇನೆ ಎಂದೆ. ಅವಳು ಮೆಲ್ಲಗೆ, ಇಲ್ಲಿ ಆಗಲೇ ಶನಿವಾರ, ನಿನ್ನ ಶನಿವಾರ ಬೆಳಿಗ್ಗೆ ಹೊತ್ತಿಗೆ ನಮಗೆ ಭಾನುವಾರವಾಗಿರುತ್ತದೆ ಎಂದಳು.

ಧಾರವಾಡದಲ್ಲಿ ಕೂತು ಲೆಕ್ಕ ಹಾಕಿದ್ದರ ಫಲ ಇದು. ನಮ್ಮೂರಿನಿಂದ ನ್ಯೂಜಿಲೆಂಡು ಏಳೆಂಟು ಗಂಟೆ ಮುಂದೆ, ಅಷ್ಟೇ. ಇಲ್ಲಿಂದ ಮುಕ್ಕಾಲು ದಿನಕ್ಕಿಂತಲೂ ಹೆಚ್ಚು ಮುಂದೆ. ಅಲ್ಲಿ ಶನಿವಾರ ಹನ್ನೊಂದು ಎಂದರೆ ಇಲ್ಲಿ ಈ ಶುಕ್ರವಾರವೇ ಮಧ್ಯಾಹ್ನ ಮೂರು. ಆ ದೇಶದಲ್ಲಿ ನಾಲ್ಕು ವರ್ಷ ಇದ್ದವಳು ನಾನು. ಯಾರಿಗೆ ಬೈಯಲಿ?

ಅಜ್ಜಿಗೇ ಬೈದೆ. ಬೈದೆ ಎಂದರೆ, ದೊಡ್ಡವರಿಗೆ ಎಷ್ಟು ಬೈಯಬಹುದೋ ಅಷ್ಟು. ಕಾಗದ ಎಂದರೆ ಓದುವುದಕ್ಕೆ, ಹೂ ಏರಿಸುವುದಕ್ಕಲ್ಲ ಎಂದೆ. ಇಷ್ಟು ಅಪರೂಪದ ಪತ್ರಿಕೆ ಹೀಗೆ ಹಾಳಾಗುವುದನ್ನು ನೋಡಲಾರೆ ಎಂದೆ. ಅಜ್ಜಿ ಬೇಸರಪಡಲಿಲ್ಲ. ತನಗೆ ಅಕ್ಷರ ಬರುವುದಿಲ್ಲ, ಆದರೆ ಅಕ್ಷರವಿರುವ ಕಾಗದವನ್ನು ಒಂದು ದಿನವೂ ಕಾಲಲ್ಲಿ ತುಳಿದಿಲ್ಲ ಎಂದರು. ನಾಳೆ ನೀವೇ ತೆರೆದು ಓದುವಿರಂತೆ, ಒಂದು ದಿನಕ್ಕೆ ಏನಾಗುತ್ತದೆ ಎಂದರು. ಶುಭಾ ಮಧ್ಯೆ ಬಂದು, “ಆಂಟಿ, ಪ್ಲೀಸ್ ಅಜ್ಜಿ ಜೊತೆ ಆರ್ಗ್ಯೂ ಮಾಡ್ಬೇಡಿ, ಹಬ್ಬ ಮುಗಿಯೋವರ್ಗೂ ಅವ್ರು ಹೇಳಿದ್ದೇ ಫೈನಲ್ಲು” ಎಂದು ಮೀಟಿಂಗಿಗೆ ಮಹಡಿ ಹತ್ತಿದಳು.

ಊಟವಾದ ಮೇಲೆ ಅಜ್ಜಿ ಸೋಫಾದಲ್ಲೇ ಒರಗಿ ಕಣ್ಣು ಮುಚ್ಚಿದರು. ಒಂದೂವರೆ ಗಂಟೆ ಹೊತ್ತು. ಅರವತ್ತೈದು ವರ್ಷದ ನಾನು, ಗ್ರಂಥಾಲಯದಲ್ಲಿ ಹಾಳೆ ಕದ್ದವರನ್ನು ಹಿಡಿದು ಹೊರಗೆ ಹಾಕಿದ ನಾನು, ಬೆರಳ ತುದಿಯಲ್ಲಿ ನಡೆದು ಬೊಂಬೆಗಳ ಹತ್ತಿರ ಹೋದೆ. ತಟ್ಟೆಗೆ ಕೈ ಹಾಕಿದೆ. ಪಂಚೆ ಹಾಸಿದ್ದ ಮೆಟ್ಟಿಲು ಅಲುಗಿತು. ಪಟ್ಟದ ರಾಜ ಮೇಲಿನಿಂದ ಉರುಳಿ, ದಶಾವತಾರದಲ್ಲಿ ಇಬ್ಬರನ್ನು ಕೆಡವಿ, ನನ್ನ ಕಾಲ ಬುಡದಲ್ಲಿ ಬಿದ್ದ. ದಪ್ಪ ಕಾರ್ಪೆಟ್ಟು ಇದ್ದದ್ದರಿಂದ ಮುಕ್ಕಾಗಲಿಲ್ಲ.

ಅಜ್ಜಿ ಎದ್ದು ಕೂತಿದ್ದರು. ನನ್ನ ಬೆರಳಿಗೆ ಕುಂಕುಮ ಅಂಟಿತ್ತು. ಬಾಗಿಲಲ್ಲಿ ಸಿಕ್ಕಿಬಿದ್ದ ಕಳ್ಳನಿಗಾದರೂ ಓಡಿಹೋಗಲು ಒಂದು ಊರು ಇರುತ್ತದೆ. ನಾನು ಅಲ್ಲೇ ಮೆಟ್ಟಿಲ ಪಕ್ಕ ಕುಸಿದು ಕೂತು ಅತ್ತುಬಿಟ್ಟೆ. ಸಿಟ್ಟಿಗೆ ಅತ್ತೆನೋ ನಾಚಿಕೆಗೋ ಗೊತ್ತಿಲ್ಲ. ಅಜ್ಜಿ ಹತ್ತಿರ ಬಂದು ರಾಜನನ್ನು ಎತ್ತಿ ಒರೆಸಿ, ಕದಿಯುವಂಥದ್ದು ಅದರಲ್ಲಿ ಏನಿದೆ ಎಂದು ಕೇಳಿದರು. ಆಗ ಹೇಳಿದೆ. ಹೊಳೆಯಲ್ಲಿ ಹೋದ ಹುಡುಗ, ಅವನ ತಾಯಿ ಕಟ್ಟಿದ ಹಾಡು, ಅವಳ ಮರಿಮಕ್ಕಳು ಇನ್ನೊಂದು ಗಂಟೆಯಲ್ಲಿ ಸಮಾಧಿಯ ಮುಂದೆ ಎರಡೇ ಸಾಲು ಹಾಡಿ ನಿಲ್ಲಿಸಬೇಕಾದದ್ದು, ಎಲ್ಲ ಹೇಳಿದೆ.

ಅಜ್ಜಿ ಕೈಯಲ್ಲಿದ್ದ ರಾಜನನ್ನು ಕೆಳಗಿಟ್ಟರು.

“ಹೆತ್ತವ್ವ ಮಗನ್ಗೆ ಅತ್ತಿರೋ ಹಾಡು ಅಂತ ಬುಧವಾರವೇ ಯಾಕವ್ವ ಯೋಳ್ನಿಲ್ಲ? ಮೂರು ದಿವ್ಸದಿಂದ ಬರೀ ಅಪ್ರೂಪುದ ಪೇಪರು, ಅಪ್ರೂಪುದ ಪೇಪರು ಅಂತಿದ್ದೆ. ಸಾವಿನ ಹಾಡ ಹಬ್ಬುದ್ ಮನೇಲಿ ದೇವ್ರ ಮುಂದೆ ಮಡಗ್ತಾರಾ ಯಾರಾದ್ರೂವೆ?”

ಪಟಕ್ಕೆ ಕೈ ಮುಗಿದು ತಪ್ಪಾಯಿತು ಎಂದರು, ತಮ್ಮ ಕೈಯಿಂದಲೇ ತಟ್ಟೆ ಎತ್ತಿದರು. ಅಂದರೆ ಬುಧವಾರ ಸಂಜೆ ನಾನು ಒಂದು ಮಾತು ಹೇಳಿದ್ದರೆ ಪತ್ರಿಕೆ ಆ ಕ್ಷಣವೇ ಕೆಳಗಿಳಿಯುತ್ತಿತ್ತು. ಎರಡು ದಿನ ಅದನ್ನು ಅಲ್ಲಿ ಕೂಡಿಹಾಕಿದ್ದು ಅಜ್ಜಿಯಲ್ಲ. ಅಲ್ಲಿಯವರೆಗೆ ಜಗತ್ತಿನ ಮೇಲಿದ್ದ ನನ್ನ ಸಿಟ್ಟೆಲ್ಲ ಒಟ್ಟಿಗೆ ನನ್ನ ಮೇಲೆ ತಿರುಗಿತು.

ಗರಾಜು

ಸಾವಿನ ಹಾಡನ್ನು ಮನೆಯೊಳಗೆ ತೆರೆಯಬಾರದು ಎಂದು ಅಜ್ಜಿ ಅದನ್ನು ಗರಾಜಿಗೆ ತಂದರು. ಬಟ್ಟೆ ಒಗೆಯುವ ಯಂತ್ರದ ಮೇಲೆ ಬಿಳಿ ಟವೆಲು ಹಾಸಿದೆ. ಮೂಳೆಯ ಪಟ್ಟಿ ಇನ್ನೂ ಯಾವ ವಿಮಾನ ನಿಲ್ದಾಣದಲ್ಲಿತ್ತೋ. ಶುಭಾಳ ಹೊಸ ಪ್ಲಾಸ್ಟಿಕ್ ದೋಸೆ ಮಗುಚುವ ಕೈಯನ್ನೇ ಹಿಡಿದು ಮಡಿಕೆ ಬಿಡಿಸಿದೆ. ಅಕ್ಕಿ ಕಾಳುಗಳು ಉದುರಿದವು. ಒಂದು ಅಂಚು ಚೂರು ಮುರಿಯಿತು, ಅಷ್ಟೇ. ಮೊದಲ ಪುಟದಲ್ಲಿ ನೆಲದ ಜಗಳ, ಎರಡನೆಯದರಲ್ಲಿ ಹಿಟ್ಟಿನ ಗಿರಣಿಯ ಸುದ್ದಿ. ಮೂರನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಹದಿನಾಲ್ಕು ಸಾಲು. ಮೊದಲ ಎರಡು ನನಗೆ ಗೊತ್ತಿದ್ದವು. ಮೂರನೆಯದಕ್ಕೆ ಬಂದಾಗ ಕಣ್ಣು ಮಂಜಾಯಿತು. ಫೋಟೋ ತೆಗೆದು ಕಳಿಸಿದಾಗ ಎರಡೂ ಕಾಲು ಗಂಟೆ.

ಮೂರು ದಾಟಿದ ಮೇಲೆ ಅರೋಹಾಳ ಕರೆ ಬಂತು. ಪುಟ್ಟ ಪರದೆಯಲ್ಲಿ ಹಸಿರು ದಿಬ್ಬ, ಗಾಳಿ, ಕಪ್ಪು ಬಟ್ಟೆಯ ಜನ, ಹೊಸ ಕಲ್ಲು. ಅವಳು ಏನೂ ಹೇಳದೆ ಫೋನನ್ನು ಯಾರ ಕೈಗೋ ಕೊಟ್ಟು ಮುಂದೆ ಹೋದಳು. ಹಾಡು ಶುರುವಾಯಿತು. ಅದರಲ್ಲಿ ರಾಗದ ಬಳುಕಿಲ್ಲ, ಒಂದೇ ಎತ್ತರದಲ್ಲಿ ಸಾಗುತ್ತದೆ. ಒಬ್ಬರ ಉಸಿರು ಮುಗಿದಲ್ಲಿ ಇನ್ನೊಬ್ಬರು ಹಿಡಿಯುತ್ತಾರೆ, ನಡುವೆ ಬಿಡುವುದಿಲ್ಲ. ಎರಡು ಸಾಲಿನವರೆಗೆ ಎಲ್ಲರ ದನಿ ಜೋರಾಗಿತ್ತು. ಮೂರನೆಯ ಸಾಲಿಗೆ ಎಲ್ಲರೂ ಕಾಗದ ನೋಡಿದರು, ದನಿ ತಡವರಿಸಿತು, ಒಬ್ಬ ಮುದುಕ ಅಲ್ಲೇ ನಿಂತುಬಿಟ್ಟ. ಅರೋಹಾ ಒಬ್ಬಳೇ ಮುಂದೆ ಹೋದಳು, ಒಬ್ಬೊಬ್ಬರಾಗಿ ಸೇರಿಕೊಂಡರು.

ಅಜ್ಜಿ ಗರಾಜಿನ ಹೊಸ್ತಿಲ ಬಳಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಒಂದು ಪದವೂ ತಿಳಿಯದ ಹಾಡಿಗೆ ಅವರ ತಲೆ ಮೆಲ್ಲಗೆ ಅಲುಗುತ್ತಿತ್ತು. ತಮ್ಮ ಊರಿನಲ್ಲೂ ಹೆಂಗಸರು ಹೀಗೇ ಹೇಳಿಕೊಂಡು ಅಳುತ್ತಿದ್ದರು, ಒಬ್ಬಳು ಸೋತರೆ ಇನ್ನೊಬ್ಬಳು ಎಂದರು. ಹಾಡು ಮುಗಿದ ಮೇಲೆ ಆ ಜನ ದಿಬ್ಬ ಇಳಿದು, ಸ್ಮಶಾನದ ಗೇಟಿನ ಹತ್ತಿರ ನಲ್ಲಿಯಲ್ಲಿ ಒಬ್ಬೊಬ್ಬರಾಗಿ ಕೈ ತೊಳೆದು ತಲೆಗೆ ಚಿಮುಕಿಸಿಕೊಂಡರು. ಅಜ್ಜಿ ಬಗ್ಗಿ ನೋಡಿ, ಅಲ್ಲೂ ಹಾಗೇ ಮಾಡುತ್ತಾರಾ ಎಂದು ಕೇಳಿದರು. ಮಾಡುತ್ತಾರೆ ಎಂದೆ.

ಪತ್ರಿಕೆ ಇನ್ನು ಒಳಗೆ ಬರುವಂತಿಲ್ಲ, ಅದನ್ನು ಆ ಹೆಣ್ಣುಮಗಳಿಗೇ ಮುಟ್ಟಿಸಿ ಎಂದು ಅಜ್ಜಿ ತೀರ್ಪು ಕೊಟ್ಟರು. ನನ್ನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಇಮ್ತಿಯಾಜನ ಲಕೋಟೆಯಲ್ಲಿಟ್ಟು ಅರೋಹಾಳ ವಿಳಾಸ ಬರೆದೆ. ಬರೆಯುವಾಗ ಅಕ್ಷರ ಸೊಟ್ಟಗಾಯಿತು, ಆದರೂ ಬರೆದೆ.

ಅಜ್ಜಿ ಸ್ಟೂಲಿನಿಂದ ಏಳುತ್ತ ಹುಡುಗನ ಹೆಸರೇನು ಎಂದು ಕೇಳಿದರು. ಹೇಮಿ ಎಂದೆ.

“ಹೇಮಿ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. “ನಾನು ತಲೆಗೆ ನೀರು ಹುಯ್ಕೊಂಡು ಬತ್ತೀನಿ. ನೀನೂ ಹುಯ್ಕೊ ಕನವ್ವ. ಮಗು ಸತ್ತದೆ.”

ಅವರು ಬಂದ ಮೇಲೆ ನಾನೂ ಹೋಗಿ ನಲ್ಲಿ ತಿರುಗಿಸಿದೆ. ಆ ಪತ್ರಿಕೆಗಳ ಪುಟಪುಟಕ್ಕೂ ಸಾವಿನ ಸುದ್ದಿಗಳಿರುತ್ತವೆ. ಇಪ್ಪತ್ತು ವರ್ಷ ಅವನ್ನು ಎಣಿಸಿದ್ದೇನೆ, ವಿಂಗಡಿಸಿದ್ದೇನೆ, ಪಟ್ಟಿ ಮಾಡಿದ್ದೇನೆ. ಅವರಲ್ಲಿ ಒಬ್ಬರು ಸತ್ತರೆಂದು ನಾನು ಸ್ನಾನ ಮಾಡಿದ್ದು ಅದೇ ಮೊದಲು.